ಬೈಲಕುಪ್ಪೆಯ ಜೋಳ, ಲೂಧಿಯಾನದ ಸ್ವೆಟರ್: ನಿರಾಶ್ರಿತರು ಬದುಕು ಕಟ್ಟಿಕೊಂಡಿದ್ದು ಹೇಗೆ?

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ನಿಮ್ಮಲ್ಲಿ ತುಂಬಾ ಜನ ಹೋಗಿರ್ತೀರಿ. ನಾನೂ ಕಾಲೇಜ್ ಟ್ರಿಪ್‌ನಲ್ಲಿ ಹೋಗಿದ್ದೆ. ಫೋಟೋ ತೆಗೆದ್ವಿ, ಮೊಮೊ ತಿಂದ್ವಿ, ಬಸ್ ಹತ್ತಿದ್ವಿ. ಇಲ್ಲಿನ ಜನ ಹೊಟ್ಟೆಪಾಡಿಗೆ ಏನು ಮಾಡ್ತಾರೆ ಅನ್ನೋ ಪ್ರಶ್ನೆ ಆಗ ನನ್ನ ತಲೆಗೇ ಬರಲಿಲ್ಲ. ಇವತ್ತಿನ ಸಂಚಿಕೆ ಅದರ ಬಗ್ಗೆಯೇ.

1959ರಲ್ಲಿ ಲಾಸಾದಲ್ಲಿ ಚೀನಾ ವಿರುದ್ಧ ದಂಗೆಯಾಯಿತು. ಸೇನೆ ಅದನ್ನು ಹತ್ತಿಕ್ಕಿತು. ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆಯೇ ಹತ್ತಾರು ಸಾವಿರ ಟಿಬೆಟಿಯನ್ನರು ಬಂದರು. ಅವರಲ್ಲಿ ಬಹಳಷ್ಟು ಜನರಿಗೆ ಮೊದಲು ಸಿಕ್ಕಿದ್ದು ಹಿಮಾಲಯದ ರಸ್ತೆ ಕಾಮಗಾರಿ. ದಿನಗೂಲಿ. ರಸ್ತೆ ಮುಗಿದ್ರೆ ಕೆಲಸವೂ ಮುಗೀತು.

ಆಗ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಸಿಕ್ಕಿದ್ದು ಹೊಲ ಅಲ್ಲ, ಕಾಡು. ಮರ ಕಡಿದು, ಬೇರು ಕಿತ್ತು, ಆನೆ ಕಾಟ ತಡೆದುಕೊಂಡು ಅದನ್ನ ಹೊಲ ಮಾಡಬೇಕಿತ್ತು. ಅಲ್ಲಿವರೆಗೆ ಕೂಲಿ, ರೇಷನ್ ಸಿಕ್ತು. ಆಮೇಲೆ ಜಮೀನು ಕುಟುಂಬಗಳಿಗೆ ಹಂಚಿಕೆಯಾಯಿತು. ಬೀಜ, ಗೊಬ್ಬರ, ಟ್ರ್ಯಾಕ್ಟರ್, ಬೆಳೆ ಮಾರಾಟ ಇವನ್ನೆಲ್ಲ ಅವರದೇ ಸಹಕಾರ ಸಂಘ ನೋಡಿಕೊಂಡಿತು.

ಇಲ್ಲಿ ಗಮನಿಸಿ. ಬರೀ ಜಮೀನು ಕೊಟ್ಟು ಕೈ ತೊಳ್ಕೊಂಡಿದ್ರೆ ಸಾಲಗಾರರ ಪಾಲಾಗ್ತಿತ್ತು. ಬರೀ ರೇಷನ್ ಕೊಟ್ಟಿದ್ರೆ ಕ್ಯೂ ಮುಗೀತಾನೇ ಇರಲಿಲ್ಲ. ಜಮೀನಿನ ಜೊತೆಗೆ ಸಂಘ ಇದ್ದಿದ್ದಕ್ಕೇ ಬೇಸಾಯ ನಿಂತಿತು.

ಆದರೂ ಮುಸುಕಿನ ಜೋಳ ಮಳೆ ನಂಬಿದ ಬೆಳೆ. ಮನೆಮಂದಿ ಹೆಚ್ಚಿದರು, ಎಕರೆ ಹೆಚ್ಚಲಿಲ್ಲ. ಅದಕ್ಕೇ ಎರಡನೇ ಕಸುಬು: ಸ್ವೆಟರ್. ಜೋಳದ ಕೊಯ್ಲು ಮುಗಿಸಿ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಮಾಲು ತಂದು, ಚಳಿಗಾಲದ ಎರಡು ಮೂರು ತಿಂಗಳು ಊರೂರಿನ ಫುಟ್‌ಪಾತ್‌ಗಳಲ್ಲಿ ಮಾರೋದು. ಬಹಳಷ್ಟು ಮಾಲು ಸಾಲದ ಮೇಲೇ ಬರುತ್ತೆ, ಸೀಸನ್ ಮುಗಿದ ಮೇಲೆ ತೀರಿಸ್ತಾರೆ. ಅಡ ಇಡೋಕೆ ಆಸ್ತಿ ಇಲ್ಲದವರಿಗೆ ವರ್ಷಗಳ ನಂಬಿಕೆಯೇ ಬಂಡವಾಳ.

ಹಾಗಂತ ಎಲ್ಲ ಸರಿಹೋಗಿದೆ ಅಂತಲ್ಲ. ಆ ಜಮೀನು ಇವತ್ತಿಗೂ ಗುತ್ತಿಗೆ, ಅವರ ಹೆಸರಲ್ಲಿಲ್ಲ. ಪಹಣಿ ಇಲ್ಲದೆ ಬ್ಯಾಂಕ್ ಸಾಲ ಎಷ್ಟು ಕಷ್ಟ ಅಂತ ರೈತರ ಮನೆಯವರಿಗೆ ಹೇಳಬೇಕಿಲ್ಲ. ಗುತ್ತಿಗೆ ಪತ್ರ, ವ್ಯಾಪಾರದ ಪರವಾನಗಿ, ಸರ್ಕಾರಿ ಯೋಜನೆಗಳನ್ನ ಇವರಿಗೂ ಕೊಡಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ನೀತಿ ಕಳಿಸಿದ್ದು 2014ರಲ್ಲಿ. ಅಂದ್ರೆ ಐವತ್ತು ವರ್ಷ ದಾಟಿದ ಮೇಲೆ! ಅಷ್ಟರಲ್ಲಿ ಹೊಸ ತಲೆಮಾರಿನ ಅನೇಕರು ಓದು ಮುಗಿಸಿ ಬೆಂಗಳೂರಿಗೋ ವಿದೇಶಕ್ಕೋ ಹೊರಟಾಗಿತ್ತು.

ಯುದ್ಧ, ಗಲಭೆಯಿಂದ ಊರು ಬಿಟ್ಟವರಿಗೆ ಎಷ್ಟು ನೆರವು ಹೋಯ್ತು ಅಂತ ಸುದ್ದಿಯಲ್ಲಿ ಕೇಳ್ತೀವಿ. ನಾನೀಗ ಇನ್ನೊಂದು ಪ್ರಶ್ನೆ ಕೇಳ್ಕೊಳ್ತೀನಿ: ರೇಷನ್ ನಿಂತ ದಿನ ಅವರ ಕೈಲಿ ಏನಿರುತ್ತೆ? ಈ ಚಳಿಗಾಲ ಸ್ವೆಟರ್ ಅಂಗಡಿ ಮುಂದೆ ನಿಂತಾಗ ನೀವೂ ಕೇಳಿಕೊಳ್ಳಿ. ಚೌಕಾಸಿ ಆಮೇಲೆ ಮಾಡೋಣ.