ಖಾರದ ತಿಂಡಿ, ಮಸಾಲೆ ಮಜ್ಜಿಗೆ: ರುಚಿ ನೋಡಿ ಅಂಕ ಕೊಡುವುದು ಹೇಗೆ?

ನಮ್ಮ ಮಹಿಳಾ ಸಂಘಗಳ ಕೆಲವು ಸದಸ್ಯೆಯರು ಹೈನುಗಾರಿಕೆಯ ಜೊತೆಗೆ ಖಾರಾಸೇವೆ, ಕೋಡುಬಳೆ, ನಿಪ್ಪಟ್ಟು ಮಾಡಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಮಾರುವ ಮುಂಚೆ ಮನೆಯವರ ಕೈಗೆ ಒಂದು ಹಿಡಿ ಕೊಟ್ಟು "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎನ್ನುತ್ತಾರೆ. ಉಪ್ಪು ಹೆಚ್ಚಾಯಿತೋ, ಎಣ್ಣೆ ಹಳೆಯದೋ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ದುಡ್ಡು ಕೊಟ್ಟು ಕೊಂಡವರಂತೂ ಏನೂ ಹೇಳುವುದಿಲ್ಲ, ಮುಂದಿನ ವಾರ ಬೇರೆಯವರ ಪೊಟ್ಟಣ ಕೊಳ್ಳುತ್ತಾರೆ, ಅಷ್ಟೆ. ಆದ್ದರಿಂದ ರುಚಿಗೆ ಅಂಕ ಕೊಡುವ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ಖಾರದ ಪದಾರ್ಥದಲ್ಲಿ ಒಂದು ತೊಡಕಿದೆ. ಷಡ್ರಸಗಳಲ್ಲಿ ಖಾರವೂ ಒಂದು ಎಂದು ನಾವು ಕೇಳುತ್ತ ಬಂದಿದ್ದೇವೆ. ವಿಜ್ಞಾನದ ಪ್ರಕಾರ ಅದು ರುಚಿಯಲ್ಲ, ಉರಿ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶವು ಬಾಯಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಈ ಉರಿ ನಿಧಾನವಾಗಿ ಏರಿ ಕೆಲವು ನಿಮಿಷ ನಿಲ್ಲುತ್ತದೆ. ಒಂದರ ಹಿಂದೆ ಒಂದು ತಿಂದರೆ ಮೂರನೆಯ ಪೊಟ್ಟಣದ ಲೆಕ್ಕಕ್ಕೆ ಮೊದಲೆರಡರ ಉರಿಯೂ ಸೇರುತ್ತದೆ.

ನೀರು ಕುಡಿದರೆ ಪ್ರಯೋಜನ ಕಡಿಮೆ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಅದನ್ನು ಹಿಡಿದು ತೊಳೆಯುತ್ತದೆ. ಕೆನೆ ತೆಗೆದ ಹಾಲು ಕೂಡ ಉರಿ ತಗ್ಗಿಸುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಾಗಾಗಿ ಪ್ರತಿ ತುತ್ತಿನ ನಂತರ ಎರಡು ಗುಟುಕು ಸಪ್ಪೆ ಹಾಲು ಕುಡಿದು, ಸ್ವಲ್ಪ ಮಂಡಕ್ಕಿ ತಿಂದು, ಐದು ನಿಮಿಷ ಬಿಟ್ಟು ಮುಂದಿನದನ್ನು ನೋಡಿ. ಕಡಿಮೆ ಖಾರದ್ದು ಮೊದಲು ಇರಲಿ. ಬಣ್ಣ ನೋಡಿ ಖಾರ ಅಳೆಯಬೇಡಿ. ಬ್ಯಾಡಗಿ ಮೆಣಸಿನಕಾಯಿ ಕಡು ಕೆಂಪು ಬಣ್ಣ ಕೊಡುತ್ತದೆ, ಖಾರ ಮಾತ್ರ ಕಡಿಮೆ.

ಮಾಡಿದವರು ಯಾರೆಂದು ತಿಳಿದರೆ ಅಂಕ ವಾಲುತ್ತದೆ. ಅತ್ತಿಗೆ ಮಾಡಿದ ನಿಪ್ಪಟ್ಟಿಗೆ ಕಡಿಮೆ ಅಂಕ ಕೊಡುವ ಧೈರ್ಯ ಯಾರಿಗಿದೆ? ಒಂದೇ ತರಹದ ಬಟ್ಟಲುಗಳಲ್ಲಿ ಹಾಕಿ, 417, 268 ಎಂಬಂತೆ ಮೂರಂಕಿಯ ಸಂಖ್ಯೆ ಬರೆಯಿರಿ. 1, 2 ಎಂದು ಬರೆದರೆ ಒಂದನೆಯದೇ ಮೇಲು ಎಂದು ಮನಸ್ಸು ಹೇಳುತ್ತದೆ. ಅಂಕ 1ರಿಂದ 9. ಒಂಬತ್ತು ಎಂದರೆ ತುಂಬಾ ಇಷ್ಟ, ಒಂದು ಎಂದರೆ ಸ್ವಲ್ಪವೂ ಇಷ್ಟವಿಲ್ಲ, ಐದು ಎಂದರೆ ಎರಡೂ ಅಲ್ಲ. ಆಹಾರ ಪ್ರಯೋಗಾಲಯಗಳಲ್ಲಿ ಬಳಸುವ ಅಳತೆಯೂ ಇದೇ. ಪಕ್ಕದವರೊಡನೆ ಮಾತಾಡದೆ ಬರೆಯಬೇಕು.

ತಿಂಡಿಯನ್ನು ಬಾಯಿಗೆ ಹಾಕುವ ಮೊದಲೇ ಮೂಸಿ ನೋಡಿ. ಹಳೆಯ ಎಣ್ಣೆಯ ಕಮಟು ವಾಸನೆ ಪೊಟ್ಟಣ ಬಿಚ್ಚಿದ ಕೂಡಲೇ ತಿಳಿಯುತ್ತದೆ. ಖಾರ ಹತ್ತಿದ ಮೇಲೆ ಅದು ಮರೆಯಾಗಿಬಿಡಬಹುದು.

ಪೊಟ್ಟಣದ ಮಸಾಲೆ ಮಜ್ಜಿಗೆಗೂ ಇದೇ ಕ್ರಮ. ಎಲ್ಲ ಲೋಟಗಳೂ ಒಂದೇ ತಂಪಿನಲ್ಲಿರಬೇಕು, ಏಕೆಂದರೆ ಹೆಚ್ಚು ತಣ್ಣಗಿದ್ದರೆ ದೋಷ ನಾಲಿಗೆಗೆ ಸಿಗುವುದಿಲ್ಲ. ಮೇಲೆ ತಿಳಿ ನಿಂತಿದ್ದರೆ ಹೆದರಬೇಕಿಲ್ಲ, ಅಲುಗಾಡಿಸಿ ಕುಡಿಯಿರಿ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಇಂಗು ಇವುಗಳಲ್ಲಿ ಒಂದೇ ಮುಂದೆ ನುಗ್ಗುತ್ತಿದೆಯೇ, ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು ಎಂಬುದನ್ನು ಗಮನಿಸಿ. ಕಹಿಯೋ ಮೇವಿನ ವಾಸನೆಯೋ ಉಳಿದರೆ ಅದು ಮಸಾಲೆಯಿಂದಲೇ ಬಂದಿರಬೇಕೆಂದಿಲ್ಲ. ಹಾಲಿನಿಂದಲೇ ಬಂದಿರಬಹುದು.

ನಮ್ಮ ಕೊಟ್ಟಿಗೆಗೆ ಸಂಬಂಧಿಸಿದ ವಿಷಯ ಇದು. ರಸಮೇವು, ಈರುಳ್ಳಿ ಸೊಪ್ಪಿನಂತಹ ಗಾಢ ವಾಸನೆಯ ಮೇವನ್ನು ಹಾಲು ಕರೆಯುವ ಮುಂಚೆ ಕೊಟ್ಟರೆ ವಾಸನೆ ಹಸುವಿನ ಉಸಿರು ಮತ್ತು ರಕ್ತದ ಮೂಲಕ ಹಾಲಿಗೆ ಸೇರುತ್ತದೆ. ಅದನ್ನು ಕರೆದ ನಂತರ ಕೊಡಿ. ಕೆಚ್ಚಲು ಬಾವು ಬಂದ ಹಸುವಿನ ಹಾಲಿಗೆ ಉಪ್ಪಿನ ರುಚಿ ಇರುತ್ತದೆ. ಇಂಜೆಕ್ಷನ್ ಕೊಡಿಸಿದ್ದರೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ. ಆಂಟಿಬಯೋಟಿಕ್ ಉಳಿದಿರುವ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಮೊಸರು ಸರಿಯಾಗಿ ಆಗುವುದಿಲ್ಲ. ಮಜ್ಜಿಗೆಯ ಮಾತಂತೂ ದೂರ. ಕರೆದ ಹಾಲು ಬಿಸಿಲಿನಲ್ಲಿ ಕಾದರೆ ಬೇಗ ಹುಳಿಯಾಗುತ್ತದೆ. ಸಂಘದಲ್ಲಿ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಕಾರ್ಯದರ್ಶಿ ಮೂಸಿ ನೋಡುವುದು ಈ ದೋಷಗಳನ್ನು ಹಿಡಿಯಲಿಕ್ಕೇ. ಒಂದು ಕ್ಯಾನ್ ತಪ್ಪಿಸಿಕೊಂಡರೂ ಅದು ಹೋಗಿ ಸೇರುವುದು ಊರಿನವರೆಲ್ಲರ ಹಾಲಿಗೆ.