ಎತ್ತರದ ಬೇನೆಯೂ ಒಂಟಿ ಯಾತ್ರಿಕನೂ

ಬೆಟ್ಟವನ್ನು ಹತ್ತುವುದು ಕಾಲುಗಳ ಕೆಲಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಮ್ಮ ನಾಡಿನ ಬೆಟ್ಟಗಳ ಮಟ್ಟಿಗೆ ಇದು ನಿಜವೇ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರುಗಳು. ಅದನ್ನೇರಿದವನಿಗೆ ಕಾಲು ನೋಯಬಹುದು, ಬಾಯಾರಬಹುದು. ಗಾಳಿ ಸಾಲದೆ ಕಾಯಿಲೆ ಬೀಳುವ ಭಯವಿಲ್ಲ. ಆದರೆ ಸುಮಾರು 2,500 ಮೀಟರುಗಳನ್ನು ದಾಟಿದ ಮೇಲೆ ಪರಿಸ್ಥಿತಿ ಬೇರೆಯಾಗುತ್ತದೆ. ವರ್ಷಗಟ್ಟಲೆ ಹಣ ಕೂಡಿಟ್ಟು, ಮೈಯನ್ನು ಪಳಗಿಸಿ, ಹಿಮಾಲಯಕ್ಕೋ ಆಂಡೀಸ್ ಪರ್ವತಗಳಿಗೋ ಒಬ್ಬನೇ ಹೊರಟ ದೃಢಕಾಯನಾದ ತರುಣನು ಶಿಖರವಿನ್ನೂ ದೂರವಿರುವಾಗಲೇ ತಲೆನೋವು ವಾಂತಿಗಳಿಂದ ಮಲಗಿಬಿಡುವುದುಂಟು. ಹೀಗೇಕಾಗುತ್ತದೆ? ಆಗ ಅವನು ಮಾಡಬೇಕಾದುದೇನು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ವಿಂಪರನ ಅನುಭವ

ಎಡ್ವರ್ಡ್ ವಿಂಪರ್ ಎಂಬ ಆಂಗ್ಲೇಯನು 1865ರಲ್ಲಿ ಆಲ್ಪ್ಸ್ ಪರ್ವತಗಳ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದವರಲ್ಲೊಬ್ಬನು. ಎತ್ತರದ ಬೇನೆಯನ್ನು ಸ್ವಂತ ಅನುಭವದಿಂದಲೇ ಪರೀಕ್ಷಿಸಬೇಕೆಂದು ಅವನು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಹೋದನು. 1879ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ, 6,263 ಮೀಟರು ಎತ್ತರದ ಚಿಂಬೊರಾಜೊ ಪರ್ವತದ ಮೇಲೆ ಸುಮಾರು 5,000 ಮೀಟರುಗಳಲ್ಲಿ ಡೇರೆ ಹಾಕಿದ್ದಾಗ ಬೇನೆ ಅವನನ್ನು ಹಿಡಿಯಿತು. ಅವನೂ, ಆಲ್ಪ್ಸಿನಲ್ಲಿ ನುರಿತ ಮಾರ್ಗದರ್ಶಕರಾದ ಇಬ್ಬರು ಕರೆಲ್ ಬಂಧುಗಳೂ ಜ್ವರದಿಂದ, ಸಿಡಿಯುವ ತಲೆನೋವಿನಿಂದ ನೆಲ ಹಿಡಿದರು. ಬಾಯಿ ತೆರೆದು ಉಸಿರೆಳೆದರೂ ಗಾಳಿ ಸಾಲದು; ಊಟ ಸೇರದು.

ಆ ಡೇರೆಯಲ್ಲಿದ್ದ ನಾಲ್ಕನೆಯವನು ಪೆರಿಂಗ್. ಅವನು ಬಲಿಷ್ಠನೇನೂ ಅಲ್ಲ. ಸಮತಟ್ಟಾದ ನೆಲದಲ್ಲಿಯೂ ಬೇಗ ದಣಿಯುವವನು. ಆದರೆ ಅವನಿಗೆ ಬೇನೆ ತಟ್ಟಲಿಲ್ಲ! ಅವನು ಈಕ್ವೆಡಾರಿನಲ್ಲಿಯೇ ಬಹುಕಾಲದಿಂದ ನೆಲೆಸಿದ್ದವನು ಎಂಬುದನ್ನು ನಾವು ಗಮನದಲ್ಲಿಡಬೇಕು. ವಿಂಪರನು ಶಿಖರದ ಆತುರವನ್ನು ಬಿಟ್ಟು ಕೆಲವು ದಿನ ತಡೆದನು. ಬೇನೆ ಇಳಿಯಿತು. 1880ರ ಜನವರಿ 4ರಂದು ಅವರು ಶಿಖರವನ್ನು ಮುಟ್ಟಿದರು. ಮುಂದಿನ ತಿಂಗಳು ಕೊಟೊಪಾಕ್ಸಿ ಜ್ವಾಲಾಮುಖಿಯ ನೆತ್ತಿಯ ಮೇಲೆ ಇಡೀ ರಾತ್ರಿಯನ್ನು ಕಳೆದಾಗ, ಚಿಂಬೊರಾಜೊ ಡೇರೆಗಿಂತ ಅದು ಬಹಳ ಎತ್ತರವಾಗಿದ್ದರೂ ಬೇನೆ ಮರುಕಳಿಸಲಿಲ್ಲ. ಬೇನೆಗೂ ಮೈಕಟ್ಟಿಗೂ ಸಂಬಂಧವಿಲ್ಲ, ಬೇನೆಗೂ ಕಾಲಾವಕಾಶಕ್ಕೂ ಸಂಬಂಧವುಂಟು ಎಂಬುದು ಇದರಿಂದ ಸೂಚಿತವಾಗುತ್ತದೆ.

ಗಾಳಿಯ ಒತ್ತಡ

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಮೆಯೆಂದು ಹಲವರು ಹೇಳುವುದುಂಟು. ಇದು ಸರಿಯಲ್ಲ. ಕಡಲ ತೀರದಲ್ಲಿಯೂ ಹಿಮಶಿಖರದಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಸುಮಾರು ಇಪ್ಪತ್ತೊಂದು ಪಾಲು ಆಮ್ಲಜನಕವೇ. ವ್ಯತ್ಯಾಸವಿರುವುದು ಒತ್ತಡದಲ್ಲಿ. ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರು ಪಾದರಸದಷ್ಟು; 5,500 ಮೀಟರುಗಳಲ್ಲಿ ಅದು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಎವರೆಸ್ಟಿನ ತುದಿಯಲ್ಲಿ 1981ರಲ್ಲಿ ಅಳೆದಾಗ ಅದು 253 ಮಿಲಿಮೀಟರು ಮಾತ್ರ ಇದ್ದಿತು. ಶ್ವಾಸಕೋಶದಿಂದ ರಕ್ತದೊಳಕ್ಕೆ ಆಮ್ಲಜನಕವನ್ನು ನೂಕುವುದು ಈ ಒತ್ತಡವೇ. ಅದು ಕುಗ್ಗಿದರೆ ಅಷ್ಟೇ ಉಸಿರಿನಲ್ಲಿ ರಕ್ತಕ್ಕೆ ಸೇರುವ ಆಮ್ಲಜನಕವೂ ಕುಗ್ಗುತ್ತದೆ. ಫ್ರಾನ್ಸಿನ ಪೌಲ್ ಬೆರ್ ಎಂಬ ವಿಜ್ಞಾನಿಯು ಗಾಳಿಯನ್ನು ಹೊರತೆಗೆಯಬಲ್ಲ ಕೋಣೆಯೊಳಗೆ ತಾನೇ ಕುಳಿತು, ಅಸ್ವಸ್ಥನಾದಾಗ ಆಮ್ಲಜನಕವನ್ನು ಸೇವಿಸಿ ಚೇತರಿಸಿಕೊಂಡು, ಈ ತತ್ತ್ವವನ್ನು 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು.

ದೇಹದ ಹೊಂದಾಣಿಕೆ

ದೇಹವು ಈ ಕೊರತೆಯನ್ನು ಸುಮ್ಮನೆ ಸಹಿಸುವುದಿಲ್ಲ. ಕೊರಳಿನ ಎರಡು ಪಕ್ಕದ ದೊಡ್ಡ ರಕ್ತನಾಳಗಳು ಕವಲೊಡೆಯುವೆಡೆಯಲ್ಲಿ ಅಕ್ಕಿಕಾಳಿನಂಥ ಪುಟ್ಟ ಅಂಗಗಳಿವೆ. ರಕ್ತದ ಆಮ್ಲಜನಕ ಇಳಿದೊಡನೆಯೇ ಅವು ಮಿದುಳಿಗೆ ಸುದ್ದಿ ಕಳುಹಿಸುತ್ತವೆ, ಉಸಿರಾಟ ಹೆಚ್ಚುತ್ತದೆ. ಆದರೆ ಇಲ್ಲೊಂದು ತೊಡಕುಂಟು. ಹೆಚ್ಚು ಉಸಿರಾಡಿದರೆ ಇಂಗಾಲದ ಡೈ ಆಕ್ಸೈಡೂ ಹೆಚ್ಚಾಗಿ ಹೊರಬಿದ್ದು ರಕ್ತವು ಕ್ಷಾರದ ಕಡೆಗೆ ವಾಲುತ್ತದೆ. ಹಾಗೆ ವಾಲಿದೊಡನೆ ಮಿದುಳು ಉಸಿರನ್ನು ತಡೆಹಿಡಿಯುತ್ತದೆ. ಎತ್ತರದಲ್ಲಿ ಮಲಗಿದವನ ಉಸಿರು ರಾತ್ರಿಯಲ್ಲಿ ಏರಿ, ಇಳಿದು, ಕ್ಷಣಕಾಲ ನಿಂತು, ಮತ್ತೆ ತೊಡಗುವುದು ಈ ಎಳೆದಾಟದಿಂದಲೇ. ಮೂತ್ರಪಿಂಡಗಳು ಹೆಚ್ಚಾದ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿದಾಗ ತಡೆ ಸಡಿಲುತ್ತದೆ. ಇದಕ್ಕೆ ಕೆಲವು ದಿನ ಬೇಕು. ಕೆಂಪು ರಕ್ತಕಣಗಳು ಗಣನೀಯವಾಗಿ ಹೆಚ್ಚುವುದಕ್ಕೆ ವಾರಗಳೇ ಬೇಕು. ಜೀವಕೋಶಗಳು ಆಮ್ಲಜನಕದ ಕೊರತೆಯನ್ನು ಅರಿಯುವ ಬಗೆಯನ್ನು ಬಿಡಿಸಿದ ಕೈಲಿನ್, ರ್‍ಯಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ದೇಹದ ಈ ಲೆಕ್ಕವನ್ನು ಮೀರಿ ಬೇಗ ಏರಿದವನಿಗೆ ಬೇನೆ ತಪ್ಪಿದ್ದಲ್ಲ. ವ್ಯಾಯಾಮದಿಂದ ಗಟ್ಟಿಯಾದ ಮಾಂಸಖಂಡಗಳು ಮೂತ್ರಪಿಂಡಗಳನ್ನು ಅವಸರಪಡಿಸಲಾರವು.

ಬೇನೆಯ ಮೂರು ರೂಪಗಳು

ಮೊದಲನೆಯ ರೂಪವು ಸೌಮ್ಯವಾದುದು. ಎತ್ತರಕ್ಕೆ ತಲಪಿದ ಆರು ಹನ್ನೆರಡು ಗಂಟೆಗಳಲ್ಲಿ ತಲೆನೋವು, ಓಕರಿಕೆ, ಬಳಲಿಕೆ, ನಿದ್ರಾಭಂಗ ತೋರುತ್ತವೆ. ಮೇಲಕ್ಕೆ ಹೋಗದೆ ವಿಶ್ರಮಿಸಿದರೆ ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ. ಎರಡನೆಯದರಲ್ಲಿ ಮಿದುಳು ಊದಿಕೊಳ್ಳುತ್ತದೆ. ರೋಗಿಯು ತೂರಾಡುತ್ತಾನೆ, ಅಸಂಬದ್ಧವಾಗಿ ಮಾತಾಡುತ್ತಾನೆ. ಮೂರನೆಯದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕುಳಿತಲ್ಲಿಯೇ ಏದುಸಿರು, ಕೆಮ್ಮು, ಕೊನೆಗೆ ನಸುಗೆಂಪು ನೊರೆಯ ಕಫ ಬರುತ್ತವೆ. ಕೊನೆಯ ಎರಡು ರೂಪಗಳೂ ಗಂಟೆಗಳಲ್ಲಿ ಪ್ರಾಣವನ್ನು ತೆಗೆಯಬಲ್ಲವು. ಇವುಗಳ ತಿಳಿವಳಿಕೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಹಿಮಾಲಯದ ಎತ್ತರಗಳಿಗೆ ಹೋದ 1,925 ಮಂದಿ ಭಾರತೀಯ ಯೋಧರನ್ನು ಪರೀಕ್ಷಿಸಿ, ಇಂದರ್ ಸಿಂಗ್ ಮತ್ತು ಸಂಗಡಿಗರಾದ ವೈದ್ಯರು 1969ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿಗೇ ಆಧಾರವಾಯಿತು.

ಒಂಟಿಯಾದವನ ತೊಡಕು

ಗುಂಪಿನಲ್ಲಿ ಹೋಗುವವನ ತೂರಾಟವನ್ನು ಜೊತೆಗಾರರು ಗುರುತಿಸುತ್ತಾರೆ. ಒಂಟಿಯಾಗಿ ಹೋದವನಿಗೆ ತಾನೇ ರೋಗಿ, ತಾನೇ ವೈದ್ಯ. ತೀರ್ಪು ಕೊಡಬೇಕಾದ ಮಿದುಳೇ ಇಲ್ಲಿ ಮಂಕಾಗಿರುತ್ತದೆ. 1875ರ ಏಪ್ರಿಲ್ 15ರಂದು ‘ಜೆನಿತ್’ ಎಂಬ ಬೆಲೂನಿನಲ್ಲಿ ಮೂವರು ಫ್ರೆಂಚರು ಎಂಟು ಸಾವಿರ ಮೀಟರುಗಳಿಗೂ ಮೇಲಕ್ಕೆ ಏರಿದರು. ಆಮ್ಲಜನಕದ ಚೀಲಗಳು ಹತ್ತಿರವೇ ಇದ್ದವು. ಕೈಚಾಚುವ ಶಕ್ತಿ ಉಳಿಯಲಿಲ್ಲ. ಇಬ್ಬರು ಸತ್ತರು. ಉಳಿದ ಟಿಸಾಂಡಿಯೆ ಬರೆದಿರುವಂತೆ, ಆ ಹೊತ್ತಿನಲ್ಲಿ ಭಯವೇ ತೋರದೆ ಒಂದು ಬಗೆಯ ಆನಂದವೇ ತುಂಬಿಕೊಂಡಿತ್ತಂತೆ. ಬೆಟ್ಟದಲ್ಲಿ ಏರಿಕೆ ಇಷ್ಟು ಹಠಾತ್ತಾದುದಲ್ಲ. ಆದರೂ ಪಾಠ ಒಂದೇ.

ಆದುದರಿಂದ ಒಂಟಿ ಯಾತ್ರಿಕನು ತನ್ನ ತೀರ್ಮಾನಗಳನ್ನು ಬುದ್ಧಿ ತಿಳಿಯಾಗಿರುವಾಗಲೇ, ಅಂದರೆ ಕೆಳಗಿರುವಾಗಲೇ, ಬರೆದಿಟ್ಟುಕೊಳ್ಳಬೇಕು. 3,000 ಮೀಟರುಗಳ ಮೇಲೆ ಮಲಗುವ ಎಡೆಯನ್ನು ದಿನಕ್ಕೆ 500 ಮೀಟರುಗಳಿಗಿಂತ ಹೆಚ್ಚು ಏರಿಸಕೂಡದು. ಮೂರು ನಾಲ್ಕು ದಿನಗಳಿಗೊಮ್ಮೆ ಬಿಡುವು ಬೇಕು. ತಲೆನೋವಿದ್ದರೆ ಮುಂದಕ್ಕೆ ಹೆಜ್ಜೆಯಿಡಕೂಡದು. ಬೆಳಗ್ಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆದು ನೋಡಬೇಕು. ತಪ್ಪಿದರೆ, ರಾತ್ರಿಯಾಗಿದ್ದರೂ ಕೂಡಲೇ ಇಳಿಯಬೇಕು. ಇಳಿಯುವಾಗ ಒಬ್ಬನೇ ಹೋಗದೆ ದಾರಿಹೋಕರನ್ನೋ ಹಳ್ಳಿಯವರನ್ನೋ ಕರೆದುಕೊಳ್ಳಬೇಕು. ಮುನ್ನೂರರಿಂದ ಸಾವಿರ ಮೀಟರು ಇಳಿದರೆ ಬಹುಮಟ್ಟಿಗೆ ಗುಣ ಕಾಣುತ್ತದೆ. ಅಸಿಟಜೋಲಮೈಡ್ ಎಂಬ ಔಷಧವು ಮೂತ್ರಪಿಂಡಗಳು ಕ್ಷಾರವನ್ನು ಹೊರಹಾಕುವುದಕ್ಕೆ ನೆರವಾಗುತ್ತದೆ. ವೈದ್ಯರ ಸಲಹೆಯಂತೆ ಅದನ್ನು ತೆಗೆದುಕೊಳ್ಳಬಹುದು. ಆದರೆ ಅದು ಇಳಿಯುವುದಕ್ಕೆ ಬದಲಿಯಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಹೊರಟು 3,500 ಮೀಟರು ಎತ್ತರದ ಲೇಹ್‌ಗೆ ಒಂದೇ ದಿನದಲ್ಲಿ ಮುಟ್ಟುವ ನಮ್ಮ ತರುಣರು ಮೊದಲ ಎರಡು ದಿನಗಳನ್ನು ವಿಶ್ರಾಂತಿಗೆ ಮೀಸಲಿಡಬೇಕು.

ಯೋಜನೆಯಲ್ಲಿ ಕೆಲವು ದಿನಗಳನ್ನು ಹೆಚ್ಚಾಗಿ ಇಟ್ಟುಕೊಂಡವನಿಗೆ ಬೇನೆಯೆಂದರೆ ತಡ ಮಾತ್ರ; ಇಟ್ಟುಕೊಳ್ಳದವನಿಗೆ ಅದು ಸೋಲು ಅಥವಾ ಸಾವು. ದಿನಗಳು ಮುಗಿದಿದ್ದರೆ ಶಿಖರವನ್ನು ಬಿಟ್ಟು ಕಣಿವೆಯ ಹಳ್ಳಿಗಳನ್ನೂ ಹಿಮನದಿಗಳನ್ನೂ ನೋಡಿ ಬರುವುದರಲ್ಲಿ ಅವಮಾನವೇನಿದೆ? ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ಏರಲು ನಾವೂ ಇರಬೇಕಷ್ಟೆ.