ಕಲ್ಕತ್ತಕ್ಕೆ ಬಂದ ಕಳ್ಳ ಕ್ಯಾನು!

ದೂರದ ದಾರಿಗೆಂದು ಸಜ್ಜಾಗಿ ನಿಂತ ಒಂದು ಫೋರ್‌ವೀಲ್ ಡ್ರೈವ್ ಜೀಪನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂತಿಯಲ್ಲಿ ವಿಂಚು. ಬಾನೆಟ್ ಪಕ್ಕ ಮೇಲಕ್ಕೆದ್ದ ಸ್ನಾರ್ಕೆಲ್. ನೆತ್ತಿಯ ಮೇಲೆ ಮಡಚಿಟ್ಟ ಡೇರೆ. ಪಕ್ಕೆಗೆ ತೂತುತೂತಿನ ಮರಳು ಹಲಗೆ. ಒಳಗೆ ಪುಟ್ಟ ಫ್ರಿಜ್ಜು, ಎರಡನೇ ಬ್ಯಾಟರಿ, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್!

ಈಗ ಒಂದು ಪಂಥ. ಇಷ್ಟೂ ಸಾಮಾನಿನಲ್ಲಿ ಮೈ ಜುಮ್ಮೆನ್ನಿಸುವ ಪತ್ತೇದಾರಿ ಕಥೆ ಅಡಗಿರುವುದು ಯಾವುದರಲ್ಲಿ? ಊಹಿಸಿ!

ವಿಂಚು? ಅಲ್ಲ. ಸ್ನಾರ್ಕೆಲ್? ಅಲ್ಲವೇ ಅಲ್ಲ!

ಹಿಂದಕ್ಕೆ ಬನ್ನಿ. ಸ್ಟೆಪ್ನಿಯ ಪಕ್ಕದಲ್ಲಿ ಬೆಲ್ಟು ಬಿಗಿದುಕೊಂಡು ಕೂತಿದೆಯಲ್ಲ, ಹಸಿರು ಬಣ್ಣದ ಚಪ್ಪಟೆ ತಗಡಿನ ಡಬ್ಬ? ಅದೇ! ಜೆರ್ರಿ ಕ್ಯಾನು!

‘ಅಯ್ಯೋ, ಪೆಟ್ರೋಲ್ ಡಬ್ಬಾನಾ?’ ಎಂದಿರಾ? ತಡೆಯಿರಿ. ಇದು ಕದ್ದ ಮಾಲು. ಗುಟ್ಟಾಗಿ ಹನ್ನೊಂದು ದೇಶಗಳ ಗಡಿ ದಾಟಿದ ಮಾಲು. ಅಷ್ಟೇ ಅಲ್ಲ, ನಮ್ಮ ದೇಶದ ರಸ್ತೆಗಳ ಮೇಲೇ ಓಡಾಡಿದ ಮಾಲು! ಇದನ್ನು ಕದ್ದವನನ್ನು ವಾಪಸು ಎಳೆದೊಯ್ಯಲು ಜರ್ಮನಿಯಿಂದ ವಿಮಾನವೇ ಬಂತು!

ನಂಬಿಕೆ ಬರುತ್ತಿಲ್ಲವೆ? ಹಾಗಾದರೆ ಕೇಳಿ.

1939ರ ಬೇಸಿಗೆ. ಬರ್ಲಿನ್. ಯುರೋಪಿನಲ್ಲಿ ಯುದ್ಧ ಇವತ್ತೋ ನಾಳೆಯೋ ಎನ್ನುವಂತಿತ್ತು. ಅಂಥ ಹೊತ್ತಿನಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರನಿಗೆ ಒಂದು ಹುಚ್ಚು ಹತ್ತಿತು. ರಜೆ ಹಾಕಿ ಇಂಡಿಯಾಕ್ಕೆ ಹೋಗಬೇಕು. ಹಡಗಿನಲ್ಲಲ್ಲ, ಕಾರಿನಲ್ಲಿ!

ಜೊತೆಗೊಬ್ಬ ಜರ್ಮನ್ ಎಂಜಿನಿಯರ್ ಗೆಳೆಯ ಸಿಕ್ಕಿದ. ಇಬ್ಬರೂ ಸಿದ್ಧ ಕಾರು ಕೊಳ್ಳಲಿಲ್ಲ. ಬರೀ ಚಾಸಿ ಕೊಂಡರು! ಅದರ ಮೇಲೆ ತಮ್ಮ ದಾರಿಗೆ ತಕ್ಕಂತೆ ಬಾಡಿ ಕಟ್ಟಿದರು. ಇವತ್ತು ಹುಡುಗರು ಲಕ್ಷಗಟ್ಟಲೆ ಸುರಿದು ಮಾಡಿಸುವ ‘ಓವರ್‌ಲ್ಯಾಂಡ್ ಬಿಲ್ಡ್’ ಅನ್ನು ಅವರು ಅಂದೇ ಮಾಡಿ ಮುಗಿಸಿದ್ದರು!

ಹೊರಡುವ ಹೊತ್ತಿಗೆ ಹೊಳೆಯಿತು. ಎಲ್ಲ ಇದೆ, ಆಪತ್ಕಾಲಕ್ಕೆ ನೀರು ಇಟ್ಟುಕೊಳ್ಳಲು ಪಾತ್ರೆಯೇ ಇಲ್ಲ! ಮುಂದಿರುವುದು ಮರುಭೂಮಿ.

ಜರ್ಮನ್ ಗೆಳೆಯನಿಗೆ ಒಂದು ಜಾಗ ಗೊತ್ತಿತ್ತು. ಬರ್ಲಿನ್ನಿನ ಟೆಂಪಲ್‌ಹಾಫ್ ವಿಮಾನ ನಿಲ್ದಾಣ. ಅಲ್ಲಿ ಹಿಟ್ಲರನ ಸೇನೆ ಯುದ್ಧಕ್ಕೆಂದು ಸಾವಿರಾರು ಹೊಸ ಕ್ಯಾನುಗಳನ್ನು ಪೇರಿಸಿಟ್ಟಿತ್ತು. ಪಕ್ಕಾ ಮಿಲಿಟರಿ ಗುಟ್ಟು! ಆಸಾಮಿ ಸೀದಾ ಹೋದ. ಮೂರು ಎತ್ತಿಕೊಂಡು ಬಂದ!

ಎಲ್ಲಿ ಕಟ್ಟಿದ ಹೇಳಿ? ಛಾವಣಿಗಾ? ಹಿಂಬದಿಗಾ? ಎರಡೂ ತಪ್ಪು. ಕಾರಿನ ಹೊಟ್ಟೆಯ ಕೆಳಗೆ!

ಹೊರಟರು. ಒಂದಾದ ಮೇಲೊಂದು ಗಡಿ. ಎಲ್ಲಿಯೂ ತಕರಾರಿಲ್ಲ. ಕೊನೆಗೆ ಭಾರತ! ಅದನ್ನೂ ಅರ್ಧ ದಾಟಿಬಿಟ್ಟಿದ್ದರು. ಅಷ್ಟರಲ್ಲಿ ಜರ್ಮನಿಯ ಫೀಲ್ಡ್ ಮಾರ್ಷಲ್ ಹರ್ಮನ್ ಗೋರಿಂಗ್ ವಿಮಾನ ಅಟ್ಟಿದ. ಜರ್ಮನ್ ಎಂಜಿನಿಯರ್ ಕೂಡಲೇ ಊರಿಗೆ ಮರಳಬೇಕು!

ಹೋಗುವವನು ಸುಮ್ಮನೆ ಹೋದನೆ? ಇಲ್ಲ! ಕ್ಯಾನು ತಯಾರಿಸುವ ಪೂರ್ತಿ ವಿವರವನ್ನು, ಅಳತೆ ಸಮೇತ, ಪ್ಲೈಸನ ಕೈಗಿಟ್ಟು ವಿಮಾನ ಹತ್ತಿದ. ದೇಶದ್ರೋಹದ ಮೇಲೆ ದೇಶದ್ರೋಹ!

ಪ್ಲೈಸ್ ಒಬ್ಬನೇ ಕಲ್ಕತ್ತದವರೆಗೆ ಓಡಿಸಿದ. ಕಾರನ್ನು ಅಲ್ಲೇ ಒಂದು ಕಡೆ ಭದ್ರವಾಗಿಟ್ಟು ಅಮೆರಿಕಕ್ಕೆ ಮರಳಿದ. ಅಂದರೆ ಮಹಾಯುದ್ಧದ ಒಂದು ಮಹಾ ರಹಸ್ಯ ನಮ್ಮ ಕಲ್ಕತ್ತದಲ್ಲಿ ಕಾರಿನಡಿ ನೇತಾಡಿಕೊಂಡು ಬಿದ್ದಿತ್ತು!

ಒಂದು ಡಬ್ಬದಲ್ಲಿ ಅಂಥದ್ದೇನು ಮಹಾ? ಬನ್ನಿ, ಹತ್ತಿರದಿಂದ ನೋಡೋಣ. ಇದರ ಒಂದೊಂದು ಮಡಿಕೆಯಲ್ಲೂ ಬುದ್ಧಿ ಇದೆ!

ಮೊದಲು ಹಿಡಿಕೆ. ಎಷ್ಟಿವೆ? ಮೂರು! ಒಂದು ಸಾಲದೆ? ಸಾಲದು. ತುಂಬಿದ ಕ್ಯಾನನ್ನು ಒಬ್ಬ ನಡುವಿನ ಹಿಡಿಕೆಯಿಂದ ಎತ್ತಬಹುದು. ಭಾರವಾಯಿತೆ? ಇಬ್ಬರು ಒಂದೊಂದು ಅಂಚಿನ ಹಿಡಿಕೆ ಹಿಡಿದು ಹೊರಬಹುದು. ಖಾಲಿ ಕ್ಯಾನಾದರೆ ಎರಡನ್ನು ಅಕ್ಕಪಕ್ಕ ಇಟ್ಟು ಅಂಚಿನ ಹಿಡಿಕೆಗಳನ್ನು ಒಟ್ಟಿಗೆ ಹಿಡಿಯಿರಿ. ಒಂದು ಕೈಗೆ ಎರಡು, ಎರಡು ಕೈಗೆ ನಾಲ್ಕು! ಸಾಲಾಗಿ ನಿಂತವರು ಒಬ್ಬರಿಂದೊಬ್ಬರಿಗೆ ದಾಟಿಸುವಾಗ ಹಿಡಿಕೆಗೆ ತಡಕಾಡುವ ಮಾತೇ ಇಲ್ಲ!

ಹಿಡಿಕೆಯ ಹಿಂದೆ ಒಂದು ಉಬ್ಬು ಕಾಣುತ್ತದೆಯೆ? ಅದರೊಳಗೆ ಗಾಳಿ ಉಳಿಯುತ್ತದೆ. ಪೆಟ್ರೋಲ್ ಮೊದಲೇ ನೀರಿಗಿಂತ ಹಗುರ. ಅದರ ಜೊತೆಗೆ ಈ ಗಾಳಿಯೂ ಸೇರಿದರೆ? ಪೆಟ್ರೋಲ್ ತುಂಬಿದ ಕ್ಯಾನನ್ನು ನೀರಿಗೆಸೆದರೂ ತೇಲುತ್ತದೆ!

ಮುಚ್ಚಳಕ್ಕೆ ಬನ್ನಿ. ತಿರುಗಿಸುವ ತಿರುಪಿಲ್ಲ, ಕಳೆದುಹೋಗುವ ಬಿರಡೆಯಿಲ್ಲ. ಒಂದು ಸನ್ನೆ ಎತ್ತಿದರೆ ಟಕ್! ಬಾಯಿ ತೆರೆಯಿತು. ಒತ್ತಿದರೆ ಟಕ್! ಬಿಗಿಯಾಗಿ ಮುಚ್ಚಿತು. ಸ್ಪ್ಯಾನರ್ ಬೇಡ, ಆಲಿಕೆಯೂ ಬೇಡ.

ಬಗ್ಗಿಸಿ ಸುರಿಯಿರಿ. ಬಿಂದಿಗೆ ಬಗ್ಗಿಸಿದಾಗ ಗುಳುಗುಳು ಎಂದು ತಡೆತಡೆದು ಚೆಲ್ಲುತ್ತದಲ್ಲ, ಹಾಗೆ ಇಲ್ಲಿ ಆಗುವುದೇ ಇಲ್ಲ! ಬಾಯಿಯಿಂದ ಆ ಗಾಳಿಯುಬ್ಬಿನವರೆಗೆ ಒಳಗೇ ಒಂದು ಸಣ್ಣ ಕೊಳವೆ ಇದೆ. ಎಣ್ಣೆ ಹೊರಗೆ ಬಂದಂತೆ ಗಾಳಿ ಒಳಗೆ ಹೋಗುತ್ತದೆ. ಒಂದೇ ಧಾರೆ!

ಪಕ್ಕದ ಮೈ ಮೇಲೆ ಎಕ್ಸ್ ಆಕಾರದ ತಗ್ಗು ಏಕೆ? ಅಲಂಕಾರಕ್ಕಲ್ಲ! ತಗಡಿಗೆ ಬಿಗಿ ಬರುವುದು ಅದರಿಂದ. ಬಿಸಿಲಿಗೆ ಪೆಟ್ರೋಲ್ ಹಿಗ್ಗಿದಾಗ ಮೈ ಕೊಂಚ ಉಬ್ಬಲು ಜಾಗ ಸಿಗುವುದೂ ಅದರಿಂದಲೇ. ಅಚ್ಚೊತ್ತಿದ ಎರಡು ಅರ್ಧಗಳನ್ನು ಸೇರಿಸಿ ಬೆಸುಗೆ ಹಾಕಿದ್ದಾರೆ. ಆ ಬೆಸುಗೆಯೂ ಒಳಸರಿದು ಕೂತಿದೆ, ಪೆಟ್ಟು ತಾಗಬಾರದೆಂದು! ಒಳಗೋಡೆಗೆ ತುಕ್ಕು ತಡೆಯುವ ಲೇಪ ಬೇರೆ!

ಇದನ್ನು ರೂಪಿಸಿದ್ದು ಜರ್ಮನಿಯ ಶ್ವೆಲ್ಮ್ ಊರಿನ ಮ್ಯೂಲರ್ ಕಂಪನಿ. 1937ರಲ್ಲಿ. ಮುಖ್ಯ ಎಂಜಿನಿಯರ್ ವಿನ್ಸೆಂಜ್ ಗ್ರ್ಯೂನ್‌ಫೋಗೆಲ್. ಹಿಡಿಯುವುದು 20 ಲೀಟರ್.

ಎದುರು ಪಾಳಯದ ಬ್ರಿಟಿಷರ ಬಳಿ ಏನಿತ್ತು ಗೊತ್ತೆ? 18 ಲೀಟರಿನ ತೆಳ್ಳನೆ ತಗಡಿನ ಡಬ್ಬ. ಎತ್ತಿದರೆ ಸೋರುತ್ತಿತ್ತು, ಇಳಿಸಿದರೆ ಸೋರುತ್ತಿತ್ತು, ಲಾರಿಯಲ್ಲಿ ಕುಲುಕಿದರಂತೂ ಕೇಳುವುದೇ ಬೇಡ! ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಹೀಗೆ ಪೋಲಾದ ಇಂಧನ ಎಷ್ಟಿರಬಹುದು? ನೂರಕ್ಕೆ ಐದು? ಹತ್ತು? ಬ್ರಿಟಿಷ್ ಜನರಲ್ ಆಕಿನ್‌ಲೆಕ್ ಹಾಕಿದ ಅಂದಾಜು ನೂರಕ್ಕೆ ಮೂವತ್ತು! ಸೈನಿಕರು ಆ ಡಬ್ಬವನ್ನು ಅಡ್ಡಕ್ಕೆ ಕೊಯ್ದು, ಮರಳು ತುಂಬಿ, ಪೆಟ್ರೋಲ್ ಸುರಿದು, ಬೆಂಕಿ ಹಚ್ಚಿ ಚಹಾ ಕಾಯಿಸುತ್ತಿದ್ದರು. ಒಲೆಯಾಗಿ ಮಾತ್ರ ಅದು ಫಸ್ಟ್ ಕ್ಲಾಸ್!

ಹಾಗಾಗಿ ಶತ್ರುವಿನ ಕ್ಯಾನು ಕೈಗೆ ಸಿಕ್ಕರೆ ನಿಧಿ ಸಿಕ್ಕ ಸಂಭ್ರಮ. ಜರ್ಮನ್ನರನ್ನು ಬ್ರಿಟಿಷ್ ಸಿಪಾಯಿಗಳು ‘ಜೆರ್ರಿ’ ಎಂದು ಛೇಡಿಸುತ್ತಿದ್ದರು. ಡಬ್ಬಕ್ಕೂ ಅದೇ ಹೆಸರು ಅಂಟಿಕೊಂಡಿತು!

ಈ ಕ್ಯಾನು ಸಿಕ್ಕರೆ ಬಿಡದವರಲ್ಲಿ ಬ್ರಿಟಿಷ್ ಸೇನೆಯ ರಾಲ್ಫ್ ಬ್ಯಾಗ್ನಾಲ್ಡ್ 1940ರಲ್ಲಿ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಪಡೆಯೂ ಒಂದು. ಶತ್ರುವಿನ ಬೆನ್ನ ಹಿಂದೆ ನೂರಾರು ಕಿಲೋಮೀಟರ್ ಮರಳಿನಲ್ಲಿ ಓಡುವ ಪಡೆ ಅದು. ಬ್ಯಾಗ್ನಾಲ್ಡ್ ವಾಹನ ಸಜ್ಜುಗೊಳಿಸುವುದರಲ್ಲಿ ಮಾಂತ್ರಿಕ! ರೇಡಿಯೇಟರ್ ಕುದಿದು ಹಾರುವ ಹಬೆಯನ್ನು ಪೈಪಿನಲ್ಲಿ ಪಕ್ಕದ ಕ್ಯಾನಿಗೆ ಇಳಿಸಿ ನೀರಾಗಿಸುತ್ತಿದ್ದ. ಎಂಜಿನ್ ತಣ್ಣಗಾದರೆ ಅದೇ ನೀರು ತಾನಾಗಿ ವಾಪಸ್! ಇಂದು ಜೀಪಿನ ಪಕ್ಕೆಗೆ ತೂಗುವ ಮರಳು ಹಲಗೆ ಇದೆಯಲ್ಲ, ಅದಕ್ಕೂ ದಾರಿ ತೋರಿದವನು ಇವನೇ. ಅವನಿಗೆ ಅದು ಸಿಕ್ಕಿದ್ದೆಲ್ಲಿ? ಕೈರೋದ ಗುಜರಿ ಅಂಗಡಿಯಲ್ಲಿ! ಮೊದಲ ಮಹಾಯುದ್ಧದ ಕಂದಕಗಳಿಗೆ ಚಾವಣಿ ಹೊದಿಸಲು ಮಾಡಿದ್ದ ಉಕ್ಕಿನ ಪಟ್ಟಿಗಳು ಅವು!

ಈಗ ಮತ್ತೆ ಕಲ್ಕತ್ತಕ್ಕೆ. ಪ್ಲೈಸ್ ಅಮೆರಿಕದ ಸೇನಾಧಿಕಾರಿಗಳ ಮುಂದೆ ಬಾಯಿ ನೋಯುವಷ್ಟು ಹೇಳಿದ. ಮಾದರಿ ಇಲ್ಲದೆ ಯಾರೂ ಕಿವಿಗೊಡಲಿಲ್ಲ. ಕ್ಯಾನು ಬಿಚ್ಚಿ ತರಿಸೋಣವೆಂದರೆ ಗುಟ್ಟು ರಟ್ಟಾಗುವ ಭಯ. ಏನು ಮಾಡಿದ ಗೊತ್ತೆ? ಇಡೀ ಕಾರನ್ನೇ ಹಡಗಿಗೆ ಹಾಕಿಸಿ ತರಿಸಿಕೊಂಡ! ಆಫ್ರಿಕಾದ ತುದಿಯ ಕೇಪ್ ಆಫ್ ಗುಡ್ ಹೋಪ್ ಸುತ್ತಿ, 1940ರ ಬೇಸಿಗೆಯಲ್ಲಿ ಕಾರು ನ್ಯೂಯಾರ್ಕ್ ಮುಟ್ಟಿತು. ಮೂರು ಕ್ಯಾನೂ ಇದ್ದಲ್ಲೇ ಇದ್ದವು!

ಒಂದು ವಾಷಿಂಗ್ಟನ್ನಿಗೆ ಹೋಯಿತು. ದೊಡ್ಡವರು ನೋಡಿದರು. ಬೇಡ ಎಂದರು! ಹಳೆಯ ಕಾಲದ ತಿರುಪಿನ ಡಬ್ಬವೇ ಸಾಕಂತೆ!

ಕೊನೆಗೆ ಆ ಮಾದರಿ ಹೋಗಿ ಸೇರಿದ್ದು ಮೇರಿಲ್ಯಾಂಡಿನ ಕ್ಯಾಂಪ್ ಹೋಲಬರ್ಡ್. ಈ ಹೆಸರು ನೆನಪಿಡಿ! ಏಕೆಂದರೆ 1940ರ ಸೆಪ್ಟೆಂಬರ್ 23ರ ಸಂಜೆ ನಾಲ್ಕೂವರೆಗೆ, ಸೇನೆ ಕೊಟ್ಟಿದ್ದ 49 ದಿನಗಳ ಗಡುವು ಮುಗಿಯಲು ಅರ್ಧ ಗಂಟೆ ಇರುವಾಗ, ಬ್ಯಾಂಟಮ್ ಕಂಪನಿಯ ಒಂದು ಪುಟ್ಟ ಫೋರ್‌ವೀಲ್ ಡ್ರೈವ್ ಗಾಡಿ ಬಂದು ನಿಂತದ್ದೂ ಇದೇ ಕ್ಯಾಂಪಿನಲ್ಲಿ. ಯಾವುದು ಆ ಗಾಡಿ? ಜಗತ್ತಿನ ಮೊಟ್ಟಮೊದಲ ಜೀಪು! ಜೀಪಿಗೂ ಜೆರ್ರಿ ಕ್ಯಾನಿಗೂ ಅಮೆರಿಕದಲ್ಲಿ ಒಂದೇ ಅಂಗಳ!

ಆದರೆ ಹೋಲಬರ್ಡಿನವರು ಕ್ಯಾನನ್ನು ‘ಸುಧಾರಿಸಿ’ ಕೆಡಿಸಿದರು. ಆಕಾರ, ಅಳತೆ, ಹಿಡಿಕೆ ಉಳಿಸಿಕೊಂಡು ಬೆಸುಗೆ ತೆಗೆದರು, ಲೇಪ ತೆಗೆದರು, ತಿರುಪು ಮುಚ್ಚಳ ಹಾಕಿದರು. ಸ್ಪ್ಯಾನರೂ ಆಲಿಕೆಯೂ ಮತ್ತೆ ಬೇಕಾದವು! ಬ್ರಿಟಿಷರು ಹಾಗೆ ಮಾಡಲಿಲ್ಲ. ವಶಪಡಿಸಿಕೊಂಡ ಕ್ಯಾನನ್ನು ಮುಂದಿಟ್ಟುಕೊಂಡು ಅಚ್ಚಿಗೆ ಅಚ್ಚು ನಕಲು ಹೊಡೆದರು!

ಯುದ್ಧ ಮುಗಿಯುವಾಗ ಯುರೋಪಿನಲ್ಲಿ ಎಷ್ಟು ಜೆರ್ರಿ ಕ್ಯಾನುಗಳಿದ್ದವು? ಒಂದು ಲಕ್ಷ? ಹತ್ತು ಲಕ್ಷ? ಎರಡು ಕೋಟಿಗೂ ಮೇಲೆ! ‘ಇವಿಲ್ಲದಿದ್ದರೆ ನಮ್ಮ ಸೇನೆ ಫ್ರಾನ್ಸನ್ನು ಮಿಂಚಿನ ವೇಗದಲ್ಲಿ ದಾಟುವುದು ಸಾಧ್ಯವೇ ಇರಲಿಲ್ಲ’ ಎಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1944ರ ನವೆಂಬರಿನಲ್ಲಿ ಒಪ್ಪಿಕೊಂಡರು. ಒಂದು ಡಬ್ಬಕ್ಕೆ ಅಧ್ಯಕ್ಷರ ಶಹಭಾಸ್!

ಸರಿ, ನಿಮ್ಮ ಜೀಪಿಗೆ ಎಷ್ಟು ಬೇಕು? ಲೆಕ್ಕ ಹಾಕೋಣ. ಬೆಂಗಳೂರಿನಿಂದ ಲಡಾಖಿಗೆ ಹೊರಟಿದ್ದೀರಿ ಎನ್ನಿ. ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ ಒಂದು ಪೆಟ್ರೋಲ್ ಬಂಕು. ಅಲ್ಲಿದ್ದ ಫಲಕ ಬಲು ಪ್ರಸಿದ್ಧ: ಮುಂದಿನ ಬಂಕು 365 ಕಿ.ಮೀ. ದೂರ! ಹೊರೆ ಹೊತ್ತು ಘಾಟಿ ಏರುವ ಜೀಪು ಲೀಟರಿಗೆ 9 ಕಿ.ಮೀ. ಕೊಟ್ಟರೆ? ನಲವತ್ತು ಲೀಟರಿಗೆ ತುಸು ಹೆಚ್ಚು. ಅಂದರೆ ಸರಿಸುಮಾರು ಎರಡು ಕ್ಯಾನು!

ಎಲ್ಲಿ ಕಟ್ಟುತ್ತೀರಿ? ಛಾವಣಿ ಎಂದರೆ ಜೋಕೆ! 20 ಲೀಟರ್ ಪೆಟ್ರೋಲ್ ಸುಮಾರು 15 ಕೆಜಿ. ಡೀಸೆಲ್ ಇನ್ನೂ ಭಾರ. ಅದರ ಮೇಲೆ ಉಕ್ಕಿನ ಕ್ಯಾನಿನ ತೂಕ. ಅಷ್ಟು ಭಾರ ನೆತ್ತಿಗೇರಿದರೆ ಇಳಿಜಾರಿನಲ್ಲಿ ಜೀಪು ವಾಲತೊಡಗುತ್ತದೆ. ಭಾರ ಆದಷ್ಟು ಕೆಳಗಿರಬೇಕು, ಎರಡು ಆಕ್ಸಲ್‌ಗಳ ನಡುವೆ ಇರಬೇಕು. ಕಾರಿನ ಹೊಟ್ಟೆಯಡಿ ಕಟ್ಟಿದ ಆ ಜರ್ಮನ್ ಕಳ್ಳನಿಗೆ ಇದು ಚೆನ್ನಾಗಿ ಗೊತ್ತಿತ್ತು!

ಕ್ಯಾನನ್ನು ಜೀಪಿನ ಒಳಗಂತೂ ಇಡಲೇಬೇಡಿ. ಪೆಟ್ರೋಲಿನ ಆವಿ ಬೆಂಕಿಗೆ ಹೊಂಚುತ್ತಿರುತ್ತದೆ. ತುಂಬಿಸುವಾಗ ನೆಲದ ಮೇಲಿಟ್ಟೇ ತುಂಬಿಸಿ. ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು! ಬಾಯಿಮಟ್ಟ ತುಂಬಬೇಡಿ, ಗಾಳಿಯುಬ್ಬು ಖಾಲಿ ಇರಲಿ.

ಇನ್ನು ಮೂರನೇ ಕ್ಯಾನು? ಅದು ನೀರಿಗೆ! ಒಮ್ಮೆ ಪೆಟ್ರೋಲ್ ಕುಡಿದ ಕ್ಯಾನು ಎಷ್ಟು ತೊಳೆದರೂ ನೀರಿಗೆ ಆಗಿಬರುವುದಿಲ್ಲ. ಅದಕ್ಕೇ ಜರ್ಮನ್ನರು ನೀರಿನ ಕ್ಯಾನಿಗೆ ದೊಡ್ಡ ಬಿಳಿ ಶಿಲುಬೆ ಬಳಿಯುತ್ತಿದ್ದರು, ಕತ್ತಲಲ್ಲೂ ತಪ್ಪಬಾರದೆಂದು. ಇವತ್ತಿನ ರೂಢಿ ಇನ್ನೂ ಸುಲಭ: ಪೆಟ್ರೋಲಿಗೆ ಕೆಂಪು, ಡೀಸೆಲ್ಲಿಗೆ ಹಳದಿ, ನೀರಿಗೆ ನೀಲಿ. ಬಣ್ಣ ನೋಡಿ ಕೊಳ್ಳಿ, ಪಟ್ಟಿ ಬಿಗಿಯಿರಿ, ಹೊರಡಿ!